ಹನ್ನೊಂದು ರಾತ್ಲಿನ ಕೈ

ಡಾಕ್ಟರ್ ಕೆ. ಎಸ್. ಅಯ್ಯನವರು ತಮ್ಮ ಪ್ರಬಂಧದ ಕೊನೆಯ ಪುಟವನ್ನು ಎಲ್ಲಕ್ಕಿಂತ ಮೊದಲು ಬರೆದು ಮುಗಿಸಿದ್ದರು. ಹಳ್ಳಿಗಾಡಿನ ಆರೋಗ್ಯವಂತ ಮಕ್ಕಳ ಕೈಹಿಡಿತದ ಬಲ ಪಟ್ಟಣದ ಮಕ್ಕಳದಕ್ಕಿಂತ ಕಡಿಮೆ. ವಯಸ್ಸು ಏರಿದರೂ ಅದು ಏರುವುದಿಲ್ಲ. ಇದಕ್ಕೆ ಕಾರಣ ರಾಗಿ, ಸೋಮಾರಿತನ ಮತ್ತು ಅಜ್ಞಾನ. ಹೀಗೆಂದು ಇಂಗ್ಲಿಷಿನಲ್ಲಿ, ದಪ್ಪ ನಿಬ್ಬಿನಲ್ಲಿ, ಕೆಳಗೆ ಎರಡು ಗೆರೆ ಎಳೆದು ಬರೆದಾಗಿತ್ತು. ಇನ್ನು ಮಕ್ಕಳ ಕೈಯನ್ನು ಅಳೆದು ನೋಡುವುದೊಂದು ಬಾಕಿ.

ಮುನ್ನೂರು ಮಕ್ಕಳು ಬೇಕಿತ್ತು. ಮಂಡ್ಯ ಜಿಲ್ಲೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಊರಿಗೆ ಹೊಸದಾಗಿ ಬಂದು ತುಂಬಿಕೊಂಡ ಕಚೇರಿ ಗುಮಾಸ್ತರ ಮಕ್ಕಳು, ಸಕ್ಕರೆ ಕಾರ್ಖಾನೆಯವರ ಮಕ್ಕಳು ಸೇರಿ ನೂರೈವತ್ತು ಸಿಕ್ಕಿದ್ದವು. ಮದ್ದೂರು ಪೇಟೆಯಲ್ಲಿ ನೂರ ಏಳು. ಮಿಕ್ಕ ನಲವತ್ತಮೂರು ಅಪ್ಪಟ ಹಳ್ಳಿಯವು ಆಗಬೇಕು. ಸೋಮವಾರ ಬೆಂಗಳೂರಿನಲ್ಲಿ ಸಭೆ. ಅಲ್ಲಿ ಪ್ರಬಂಧ ಓದಿದರೆ ಹೊಸದಾಗಿ ಹುಟ್ಟಲಿದ್ದ ಶಾಲಾ ಆರೋಗ್ಯಾಧಿಕಾರಿಯ ಕುರ್ಚಿ ಅಯ್ಯನವರದು. ಓದದಿದ್ದರೆ, ಅದೇ ಕುರ್ಚಿಗೆ ಕಣ್ಣಿಟ್ಟು ಮೈಸೂರಿನಲ್ಲಿ ಮಕ್ಕಳ ಹಲ್ಲು ಎಣಿಸುತ್ತಿದ್ದ ಇನ್ನೊಬ್ಬ ಡಾಕ್ಟರದು. ಹಲ್ಲು ಎಣಿಸುವವನ ಕೈಕೆಳಗೆ ಕೈ ಅಳೆಯುವವನು ದುಡಿಯುವುದೆ! ಅದನ್ನು ನೆನೆದರೆ ಅಯ್ಯನವರಿಗೆ ತಮ್ಮ ಹಲ್ಲೇ ಜುಮ್ಮೆನ್ನುತ್ತಿತ್ತು.

ಅವರ ಹೆಸರಿಗೂ ಒಂದು ಚರಿತ್ರೆಯುಂಟು. ಮದ್ದೂರಿನ ಪಕ್ಕದ ಹಳ್ಳಿಯಲ್ಲಿ ತಾಯಿ ಚಿಕ್ಕಬೋರಮ್ಮ ತೊಟ್ಟಿಲಲ್ಲಿ ಕೂಗಿದ ಹೆಸರು ಕೆಂಪಸಿದ್ದಯ್ಯ. ಮೈಸೂರಿನ ಹಾಸ್ಟೆಲಿನಲ್ಲಿ ಕೆಂಪ ಉದುರಿದ. ಮೆಡಿಕಲ್ ಕಾಲೇಜಿನಲ್ಲಿ ಸಿದ್ದ ಜಾರಿದ. ಎಡಿನ್‌ಬರೋದಲ್ಲಿ ಎರಡು ವರ್ಷ ನಡುಗಿ ಬರುವಷ್ಟರಲ್ಲಿ ಉಳಿದದ್ದು ಬರೀ ಅಯ್ಯ, ಅದೂ ಏಟು ಬಿದ್ದವರು ಕೂಗಿಕೊಂಡ ಹಾಗೆ. ಹೆಸರಿನ ಜೊತೆಗೆ ಊರಿನ ಮಾತೂ ಹೋಯಿತು. ಎಂಟು ವರ್ಷದವರೆಗೆ 'ಹ'ಕಾರದ ಮುಖವನ್ನೇ ಕಾಣದಿದ್ದ ಬಾಯಿ ಈಗ ಅದನ್ನು ಸಿಕ್ಕಸಿಕ್ಕ ಕಡೆ ಊದುತ್ತಿತ್ತು. ಅಡಿಗೆಯವನಿಗೆ ಎರಡು ಸೇರು 'ಹಕ್ಕಿ' ತರಲು ಹೇಳಿ ಆತ ಗೌಜುಗದ ಹಕ್ಕಿ ಹಿಡಿದು ತಂದದ್ದೂ ಉಂಟು.

ಆ ಶುಕ್ರವಾರ ಬೆಳಿಗ್ಗೆ ಅಯ್ಯನವರು ಮಳವಳ್ಳಿಯಲ್ಲಿ ಬಸ್ಸಿಳಿದು, ಎತ್ತಿನ ಗಾಡಿ ಹತ್ತಿ, ಬಂಡೂರಿನ ದಾರಿಯಲ್ಲಿ ಮರಿಕೊಪ್ಪಲು ಎಂಬ ಐವತ್ತು ಮನೆಯ ಹಳ್ಳಿಗೆ ಹೊರಟರು. ಜೊತೆಗೆ ಕಾಂಪೌಂಡರ್ ನಜೀರ್ ಅಹ್ಮದ್. ನಜೀರನ ಅಪ್ಪ ಮಂಡ್ಯದ ಪೇಟೆಯಲ್ಲಿ ತಕ್ಕಡಿ ರಿಪೇರಿ ಮಾಡುವವನು. ಹಾಗಾಗಿ ಯಂತ್ರದ ಯೋಗಕ್ಷೇಮವೂ ನಜೀರನದೇ. ಯಂತ್ರವೆಂದರೆ ಅಂಗೈಯಲ್ಲಿ ಹಿಡಿಯುವಂಥ ಉಕ್ಕಿನ ಒಂದು ಬಳೆ. ಅದನ್ನು ಹಿಸುಕಿದರೆ ನಡುವಿನ ಗಡಿಯಾರದಂಥ ಮುಖದ ಮೇಲೆ ಮುಳ್ಳು ಓಡಿ ಇಷ್ಟು ರಾತ್ಲು, ಅಂದರೆ ಇಷ್ಟು ಪೌಂಡು, ಎಂದು ತೋರಿಸುತ್ತಿತ್ತು. ಅಯ್ಯನವರು ಅದಕ್ಕೆ ಮುಷ್ಟಿಬಲಮಾಪಕ ಎಂದು ನಾಮಕರಣ ಮಾಡಿದ್ದರು. ಆ ಹೆಸರನ್ನು ಒಂದೇ ಉಸಿರಿಗೆ ಹೇಳುವುದಕ್ಕೂ ಒಂದಿಷ್ಟು ಬಲ ಬೇಕಿತ್ತು.

ದಾರಿಯುದ್ದಕ್ಕೂ ಕುರಿಮಂದೆ. ಬಂಡೂರು ಕುರಿಯೆಂದರೆ ಗಿಡ್ಡ ಕಾಲು, ದುಂಡು ಬೆನ್ನು, ಎಲ್ಲಿ ಹಿಡಿದರೂ ಕೈತುಂಬ ಸಿಗುವ ಮೈ. ಅಯ್ಯನವರು ಸೆಂಟು ಹಾಕಿದ ಕರ್ಚೀಫು ಮೂಗಿಗೆ ಒತ್ತಿಕೊಂಡು ಕೇಳಿದರು:

"ನಜೀರ್, ಈ ಜನಕ್ಕೂ ಈ ಕುರಿಗಳಿಗೂ ಏನು ವ್ಯತ್ಯಾಸ, ಹೇಳು ನೋಡೋಣ?"

"ಕುರಿಗೆ ಒಳ್ಳೇ ರೇಟಿದೆ ಸಾಬ್," ಎಂದ ನಜೀರ್.

ಮರಿಕೊಪ್ಪಲಿನ ಶಾಲೆಯೆಂದರೆ ಒಂದು ಹಜಾರ, ಮುಂದೆ ಒಂದು ಜಗಲಿ. ಮೇಷ್ಟ್ರು ನಿಂಗಯ್ಯ ಅರವತ್ತು ಮಕ್ಕಳನ್ನು ಸಾಲಾಗಿ ನಿಲ್ಲಿಸಿಕೊಂಡಿದ್ದರು. ಆರರಿಂದ ಹದಿನೇಳರವರೆಗಿನವು, ಶಾಲೆಗೆ ಎಂದೂ ಬಾರದವನ್ನೂ ಮಂದೆಯಿಂದ ಹಿಡಿದು ತಂದಿದ್ದರು. ಅಯ್ಯನವರು ನಾಲಿಗೆ ಚಾಚಿಸಿ, ಕಣ್ಣಿನ ರೆಪ್ಪೆ ಕೆಳಕ್ಕೆ ಎಳೆದು, ಹೊಟ್ಟೆ ಅಮುಕಿ, ಕೆಮ್ಮಿದವರನ್ನು ಬಂದ ಕಡೆಗೇ ಕಳಿಸಿ, ಕೊನೆಗೆ ನಲವತ್ತಮೂರು ಮಂದಿ ಆರೋಗ್ಯವಂತರನ್ನು ಆರಿಸಿದರು. ಲೆಕ್ಕ ಸರಿಹೋಯಿತೆಂದು ಮೀಸೆ ನೇವರಿಸಿಕೊಂಡರು.

ಜಗಲಿಯ ಮೇಲೆ ಕೂತು ಇದನ್ನೆಲ್ಲ ನೋಡುತ್ತಿದ್ದವನು ಜವರಯ್ಯ. ಊರಿನ ಹಿರಿಯ, ಕುರಿ ವ್ಯಾಪಾರದಲ್ಲಿ ಅವನ ಮಾತಿಗೆ ಎದುರು ಮಾತಿಲ್ಲ. ಅವನು ಮೇಷ್ಟ್ರ ಕಿವಿಯಲ್ಲಿ ಉಸುರಿದ:

"ಅಲ್ಲ ಕಣ್ ಮೇಷ್ಟ್ರೆ, ನಾಲ್ಗೆ ನೋಡ್ತಾರೆ, ಕಣ್ ರೆಪ್ಪೆ ಎಳೀತಾರೆ, ಒಟ್ಟೆ ಅಮುಕ್ತಾರೆ. ಕುರಿಗಲ್ವಾ ಅಂಗೆ ಮಾಡಾದು?"

"ಸುಮ್ಕಿರು ಜವರಣ್ಣ. ದೊಡ್ಡೋರು."

ಅಷ್ಟರಲ್ಲಿ ಒಳಗೆ ಗಲಾಟೆ. ಯಂತ್ರದ ಮೇಲೆ ಮುಚ್ಚುವ ಮಕಮಲ್ಲಿನ ಬಟ್ಟೆ ಇಲ್ಲ. ಮುಳ್ಳು ಕಣ್ಣಿಗೆ ಬಿದ್ದರೆ ಮಕ್ಕಳು ಪಂದ್ಯಕ್ಕೆ ಬಿದ್ದಂತೆ ಹಿಸುಕುತ್ತಾರೆ, ಅದು ಶಾಸ್ತ್ರೀಯವಲ್ಲ ಎಂದು ಅಯ್ಯನವರು ಮಗುವಿನ ಕೈಯನ್ನೂ ಯಂತ್ರವನ್ನೂ ಬಟ್ಟೆಯಿಂದ ಮುಚ್ಚಿ, ತಮ್ಮ ಕಡೆ ಮಾತ್ರ ಒಂದಿಷ್ಟು ಎತ್ತಿ ಮುಳ್ಳು ನೋಡುತ್ತಿದ್ದರು.

"ಮಕಮಲ್ಲು ಹೆಲ್ಲಿ?"

"ಮದ್ದೂರು ಬಂಗಲೇಲಿ ಬೂಟು ಒರೆಸೋಕೆ ಇಸ್ಕೊಂಡ್ರಲ್ಲ ಸಾಬ್. ಬೂಟು ಬಂತು, ಅದು ಬರಲಿಲ್ಲ."

ಅಯ್ಯನವರು ಸರಸರನೆ ಜಗಲಿಗೆ ಬಂದು, ಜವರಯ್ಯನ ಹೆಗಲ ಮೇಲಿದ್ದ ಕೆಂಪು ಚೌಕಳಿ ಟವಲನ್ನು, ಗೂಟದಿಂದ ತೆಗೆದುಕೊಂಡ ಹಾಗೆ, ಒಂದು ಮಾತೂ ಆಡದೆ ಎಳೆದುಕೊಂಡು ಒಳಗೆ ಹೋದರು.

ಜವರಯ್ಯನ ಮುಖ ಅರಳಿತು.

ಯಾಕೆಂದು ಇಲ್ಲೇ ಹೇಳಿಬಿಡಬೇಕು. ಮರಿಕೊಪ್ಪಲಿನಲ್ಲಿ ಕುರಿ ವ್ಯಾಪಾರ ಬಾಯಲ್ಲಿ ನಡೆಯುವುದಿಲ್ಲ. ಕೊಳ್ಳಲು ಬಂದವನು ಮಾತಿಲ್ಲದೆ ಹಿರಿಯನ ಹೆಗಲಿನ ಟವಲು ಎಳೆದುಕೊಂಡರೆ ವ್ಯಾಪಾರ ಶುರು ಎಂದರ್ಥ. ಆ ಟವಲಿನ ಕೆಳಗೆ ಕೈಗೆ ಕೈ. ಮಾರುವವನು ಬೆರಳು ಒತ್ತಿ ಬೆಲೆ ಹೇಳುತ್ತಾನೆ: ಒಂದು ಬೆರಳಿಗೆ ಒಂದು ರೂಪಾಯಿ, ಎರಡಕ್ಕೆ ಎರಡು. ಮೂರು ಸಲ ಒತ್ತಬೇಕು. ಮೂರು ಸಲವೂ ಬೆರಳು ಬದಲಾಗದಿದ್ದರೆ ಅದೇ ಕೊನೆಯ ಬೆಲೆ. ಒಪ್ಪಿದವನು ಟವಲಿನ ಮೇಲಿನಿಂದ ಕೈ ತಟ್ಟುತ್ತಾನೆ. ತಟ್ಟಿದನೆಂದರೆ ಮುಗಿಯಿತು. ಅದುವರೆಗೆ ಯಾರೂ ಮಾತಾಡಬಾರದು, ನಗಬಾರದು. ಇನ್ನೂ ಒಂದು ಸಂಗತಿ: ಆ ಊರಲ್ಲಿ ಹೆಜ್ಜೆ ಹಾಕುವ ಮಗುವಿಗೆಲ್ಲ ಒಂದೊಂದು ಮರಿ ಸ್ವಂತದ್ದು. ಮೇಯಿಸುವವರೂ ಅವರೇ, ಮಾರುವವರೂ ಅವರೇ. ಆ ಮರಿಯ ಬೆಲೆಯ ವಿಷಯದಲ್ಲಿ ಅಪ್ಪನೂ ಬಾಯಿ ಹಾಕುವಂತಿಲ್ಲ.

ಇನ್ನು ಅಯ್ಯನವರ ಎಡಿನ್‌ಬರೋ ವಿಧಾನ ಕೇಳಿ. ಬಟ್ಟೆ ಮುಚ್ಚಬೇಕು. ಮೂರು ಸಲ ಒತ್ತಿಸಬೇಕು. ಮಾತಾಡಬಾರದು, ನಗಬಾರದು. ಮುಗಿದ ಮೇಲೆ ಮಗುವಿಗೆ ಪ್ರೋತ್ಸಾಹವಾಗಲೆಂದು ಬಟ್ಟೆಯ ಮೇಲಿನಿಂದ ಕೈ ತಟ್ಟಬೇಕು.

ಅವರು ಮಕ್ಕಳ ಮುಂದೆ ನಿಂತು ಗಂಟಲು ಸರಿಮಾಡಿಕೊಂಡರು. "ಬಾಲಕರೇ, ಬಾಲಿಕೆಯರೇ! ಪ್ರತಿಯೊಬ್ಬರೂ ಈ ಮುಷ್ಟಿಬಲಮಾಪಕವನ್ನು ಯಥಾಶಕ್ತಿ ಪೀಡಿಸತಕ್ಕದ್ದು!"

ಮಕ್ಕಳು ಮೇಷ್ಟ್ರ ಮುಖ ನೋಡಿದವು. ಮೇಷ್ಟ್ರು ಸೂರು ನೋಡಿದರು. ಜವರಯ್ಯ ಬಾಗಿಲ ಪಕ್ಕದಿಂದ ತಲೆ ತೂರಿಸಿ ಮೆಲ್ಲಗೆ ಬಿಡಿಸಿ ಹೇಳಿದ:

"ಮರಿ ಕೊಳ್ಳಾಕೆ ಬಂದವ್ರೆ ಕಣ್ರುಲಾ. ಬಾರಿ ದೊಡ್ ಆಪೀಸರು. ನಮ್ಮಂತೋರ ಕೈ ಮುಟ್ಟಾಕಿಲ್ಲ, ಅದ್ಕೇಯ ಕಬ್ಬಿಣದ ಕೈ ತಂದವ್ರೆ. ನಿಮ್ ನಿಮ್ ಮರಿ ನೆನಸ್ಕಂಡು ಒತ್ರಿ."

ಮಕ್ಕಳಿಗೆ ಎಲ್ಲ ತಿಳಿಯಿತು.

ಮೊದಲು ಬಂದವನು ಕೆಂಪಯ್ಯ. ಹದಿನಾರು ವರ್ಷ; ಹಿಂದಿನ ವಾರ ಹಳ್ಳಕ್ಕೆ ಬಿದ್ದ ಟಗರನ್ನು ಹೆಗಲ ಮೇಲೆ ಹೊತ್ತು ಮೇಲೆ ತಂದವನು. ಅವನ ಮರಿಗೆ ಪಾಪ ಹಿಂಗಾಲು ಕುಂಟು. ನ್ಯಾಯವಾದ ಹುಡುಗ, ಒಂದೇ ಬೆರಳು ಒತ್ತಿದ.

"ಆರು ರಾತ್ಲು!" ಅಯ್ಯನವರ ಹುಬ್ಬು ಕೂದಲಿನವರೆಗೆ ಏರಿತು. "ಹಿನ್ನೊಂದು ಸಲ."

ಆರು. ಮತ್ತೊಂದು ಸಲ. ಆರು. ಅಯ್ಯನವರು ಟವಲಿನ ಮೇಲೆ ತಟ್ಟಿದರು. "ಆಯಿತು, ಹೋಗು." ಪುಸ್ತಕದಲ್ಲಿ ಬರೆದುಕೊಂಡರು. ಕುಂಟು ಮರಿ ಮಾರಾಟವಾಯಿತೆಂದು ಕೆಂಪಯ್ಯ ಹಾರಿಕೊಂಡು ಹೋದ.

ಎರಡನೆಯದು ಚಿಕ್ಕಮಾದಮ್ಮ, ಹದಿಮೂರು ವರ್ಷದ ಸಣಕಲು ಹುಡುಗಿ. ಎರಡು ಬೆರಳು, ಹನ್ನೊಂದು ರಾತ್ಲು. ಮೂರು ಸಲವೂ ಹನ್ನೊಂದು. ತಟ್ಟಿ, "ಆಯಿತು" ಎಂದರು. ಮೂರನೆಯವನಿಗೆ ಆರು ವರ್ಷ, ಮೂಗಿನಲ್ಲಿ ಸಿಂಬಳ. ಆದರೆ ಅವನ ಮರಿ ಊರಿಗೇ ಒಳ್ಳೆಯದು. ನಾಲ್ಕು ಬೆರಳು ಸೇರಿಸಿ ಹಲ್ಲು ಕಚ್ಚಿ ಒತ್ತಿದ. ಹದಿನಾಲ್ಕು!

ಅಯ್ಯನವರಿಗೆ ಮೈ ಪುಳಕಿತವಾಯಿತು. "ನೋಡಿದೆಯಾ ನಜೀರ್? ಆರು ವರ್ಷದವನಿಗೆ ಹದಿನಾಲ್ಕು, ಹದಿನಾರು ವರ್ಷದವನಿಗೆ ಆರು! ಬಲ ಏರುವುದಿಲ್ಲ ಎಂದು ಬರೆದಿದ್ದೆನಲ್ಲ, ಅದು ತಪ್ಪು. ಇಳಿಯುತ್ತದೆ! ರಾಗಿ ತಿಂದಷ್ಟೂ ಇಳಿಯುತ್ತದೆ!"

ಟವಲಿನ ಅಂಚು ಹಿಡಿದು ಕೂತಿದ್ದ ನಜೀರನಿಗೆ ಬಟ್ಟೆಯ ಕೆಳಗೆ ಒಂದೊಂದು ಬೆರಳು ಮಾತ್ರ ಅಲ್ಲಾಡುವುದು ಕಾಣುತ್ತಿತ್ತು. ಮಂಡ್ಯದ ಸಂತೆಯಲ್ಲಿ ಬೆಳೆದವನು. ಅವನಿಗೆ ಏನೋ ಹೊಳೆಯಿತು. "ಸಾಬ್, ಇವರು ಪೂರಾ ಕೈಯಲ್ಲಿ ಹಿಡೀತಿಲ್ಲ, ಬರೀ ಬೆರಳು..."

"ಮಾತಾಡಬಾರದು!" ಎಂದರು ಅಯ್ಯನವರು. "ಅಳೆಯುವವನು ನಾನು. ನೀನು ಟವಲು ಹಿಡಿ."

ನಜೀರ್ ಟವಲು ಹಿಡಿದ.

ಹೀಗೆ ನಲವತ್ತಮೂರು ಮಕ್ಕಳ ಕೈ ಮುಗಿಯಿತು. ಎಲ್ಲವೂ ಆರು, ಹನ್ನೊಂದು, ಹದಿಮೂರು, ಹದಿನಾಲ್ಕು. ಅದರ ಮೇಲೆ ಒಂದೂ ಇಲ್ಲ. ಮಂಡ್ಯದಲ್ಲಿ ಇದೇ ಹದಿಮೂರು ವರ್ಷದ ಹುಡುಗಿಯರು ಸರಾಸರಿ ನಲವತ್ತೊಂದು ಒತ್ತಿದ್ದರು. ಬೇರೆ ಯಾರಾದರೂ ಆಗಿದ್ದರೆ ಇದೇನಿದು ಎಂದು ಒಂದು ಗಳಿಗೆ ತಲೆ ಕೆರೆದುಕೊಳ್ಳುತ್ತಿದ್ದರು. ಆದರೆ ಅಯ್ಯನವರಿಗೆ ತಲೆ ಕೆರೆದುಕೊಳ್ಳುವುದು ಹಳ್ಳಿಯವರ ಅಭ್ಯಾಸವಾಗಿ ಕಾಣುತ್ತಿತ್ತು. ಅವರು ಪುಸ್ತಕ ಮುಚ್ಚಿ, ಮರದ ಕೆಳಗೆ ಕುರ್ಚಿ ಹಾಕಿಸಿಕೊಂಡು, ಡಬ್ಬಿಯಿಂದ ಬ್ರೆಡ್ಡು ತೆಗೆದರು. ಮೇಷ್ಟ್ರ ಮನೆಯಿಂದ ಬಂದ ಬಿಸಿ ಮುದ್ದೆ ಮತ್ತು ಸಾರನ್ನು ಕಣ್ಣಿನಿಂದಲೇ ಆಚೆಗೆ ತಳ್ಳಿದರು.

"ಇವರ ಕೈಯಲ್ಲಿ ಏನಾಗುತ್ತದೆ ಹೇಳು? ಮುದ್ದೆ ಮುರಿಯುವುದಕ್ಕೂ ಇಬ್ಬರು ಬೇಕೇನೋ. ಕೈಲಾಗದ ಜನ ಎಂದು ಸುಮ್ಮನೆ ಅನ್ನುತ್ತಾರೆಯೆ? ಈಗ ಅಂಕಿ ಸಮೇತ ತೋರಿಸುತ್ತೇನೆ."

ನಜೀರ್ ಮುದ್ದೆ ಮುರಿದು ನುಂಗುತ್ತಿದ್ದ; ಬಾಯಿ ತುಂಬಿತ್ತು.

ಬ್ರೆಡ್ಡಿನ ಎರಡನೆಯ ತುಂಡು ಬಾಯಿಗೆ ಹೋಗುವ ಹೊತ್ತಿಗೆ ಬೀದಿಯ ಕಡೆಯಿಂದ ಬ್ಯಾ ಎಂದಿತು. ಇನ್ನೊಂದು ಬ್ಯಾ. ಆಮೇಲೆ ಎಣಿಸಲಾಗದಷ್ಟು. ನಲವತ್ತಮೂರು ಮಕ್ಕಳು ನಲವತ್ತಮೂರು ಮರಿಗಳನ್ನು ಹಗ್ಗ ಹಿಡಿದು, ಕಂಕುಳಲ್ಲಿ ಇರುಕಿಕೊಂಡು, ಮೈ ತೊಳೆಸಿ, ಕೆಲವಕ್ಕೆ ಕುಂಕುಮವನ್ನೂ ಇಟ್ಟು ತಂದು ಕುರ್ಚಿಯ ಸುತ್ತ ನಿಂತವು. ಹಿಂದೆ ಅಪ್ಪಂದಿರು, ಅವ್ವಂದಿರು. ಎಲ್ಲರ ಮುಂದೆ ಜವರಯ್ಯ.

"ತಕಳಿ ಬುದ್ದೀ. ಲೆಕ್ಕಕ್ಕೆ ಸರ್ಯಾಗಿ ನಲವತ್ಮೂರು. ಗಾಡಿ ಒಂದ್ ಸಾಲ್ದು, ಇನ್ನೆಲ್ಡು ಕಟ್ಟಿಸ್ಲಾ?"

"ಏನಿದು?" ಅಯ್ಯನವರು ಕಾಲು ಕುರ್ಚಿಯ ಮೇಲೆ ಎಳೆದುಕೊಂಡರು. ಒಂದು ಮರಿ ಅವರ ಬೂಟಿನ ದಾರವನ್ನು ಆಗಲೇ ಅಗಿಯುತ್ತಿತ್ತು.

"ಬೆಳಗ್ಗೆ ಕೊಂಡ್ರಲ್ಲ ಬುದ್ದಿ."

"ನಾನೇನು ಕೊಂಡೆ?"

"ಟವಲ್ ಎಳ್ಕಂಡ್ರಿ. ಮೂರ್ ಮೂರ್ ಕಿತ ಒತ್ತಿಸ್ಕಂಡ್ರಿ. ಕೈ ತಟ್ಟುದ್ರಿ. ಪುಸ್ತಕದಾಗೂ ಬರ್ಕಂಡ್ರಿ. ಅದ್ಕಿಂತ ಇನ್ನೇನ್ ಬುದ್ದಿ ಕೊಳ್ಳಾದು?"

ಆ ಗಳಿಗೆಯಲ್ಲಿ ಅಯ್ಯನವರಿಗೆ ನೆನಪಾಯಿತು. ಟವಲು. ಬೆರಳು. ಮದ್ದೂರಿನ ದನದ ಸಂತೆ, ಅಪ್ಪನ ತೊಡೆಯ ಮೇಲೆ ಕೂತ ಒಬ್ಬ ಹುಡುಗ, ಬೆವರು ವಾಸನೆಯ ಬಟ್ಟೆಯ ಕೆಳಗೆ ಅಪ್ಪ ಅವನ ಪುಟ್ಟ ಬೆರಳು ಒಂದೊಂದನ್ನೇ ಮಡಿಸುತ್ತ 'ಇದು ಒಂದು, ಇದು ಎಲ್ಡು' ಎಂದು ಕಲಿಸುತ್ತಿದ್ದದ್ದು. ಗೊತ್ತಿತ್ತು. ಎಲ್ಲ ಗೊತ್ತಿತ್ತು. ಕೆಂಪಸಿದ್ದಯ್ಯನಿಗೆ ಗೊತ್ತಿದ್ದದ್ದನ್ನು ಕೆ. ಎಸ್. ಅಯ್ಯನವರು ಕಳೆದು ಹಾಕಿದ್ದರು, ಅಷ್ಟೆ.

ಗೊತ್ತಿದೆ ಎಂದು ಒಪ್ಪಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಎಲ್ಲರೂ ಒಂದು ಸಲ ನಕ್ಕು ಮರಿಗಳನ್ನು ಹೊಡೆದುಕೊಂಡು ಹೋಗುತ್ತಿದ್ದರು. ಆದರೆ ಒಪ್ಪುವುದು ಹೇಗೆ? ಒತ್ತಿದ್ದು ಬೆಲೆಯಾದರೆ ಪುಸ್ತಕದಲ್ಲಿರುವುದು ಬಲವಲ್ಲ. ಬಲವಲ್ಲವಾದರೆ ಕೊನೆಯ ಪುಟವಿಲ್ಲ. ಕೊನೆಯ ಪುಟವಿಲ್ಲದಿದ್ದರೆ ಸೋಮವಾರ ಹಲ್ಲಿನವನು ಹಲ್ಲು ಕಿರಿಯುತ್ತಾನೆ.

ಅಯ್ಯನವರು ಎದ್ದು ನಿಂತರು. "ಮೂಢರಾ! ಅದು ಬೆಲೆಯಲ್ಲ, ಬಲ! ಈ ಮಕ್ಕಳು ತಮ್ಮ ಸರ್ವಶಕ್ತಿಯನ್ನೂ ಹಾಕಿ ಒತ್ತಿದ್ದಾರೆ. ಅದು ಅವರ ಕೈಯ ಬಲ. ಅಷ್ಟೇ ಅವರ ಬಲ!"

ಜವರಯ್ಯ ಮಕ್ಕಳ ಕಡೆ ತಿರುಗಿದ. ಆಮೇಲೆ ಡಾಕ್ಟರ ಕಡೆ. "ನಮ್ ಐಕ್ಳ ಬಲ ಅಷ್ಟೇಯಾ?"

"ಅಷ್ಟೇ."

"ಈ ಉಡ್ಗೀದು?" ಜವರಯ್ಯ ಚಿಕ್ಕಮಾದಮ್ಮನ ತಲೆಯ ಮೇಲೆ ಕೈಯಿಟ್ಟ.

ಅಯ್ಯನವರು ಪುಸ್ತಕ ಬಿಡಿಸಿದರು. "ಹನ್ನೊಂದು ರಾತ್ಲು. ಮಂಡ್ಯದಲ್ಲಾದರೆ ಹಾಲು ಕುಡಿಯುವ ಕೂಸು ಹಿದಕ್ಕಿಂತ ಹೆಚ್ಚು ಒತ್ತುತ್ತದೆ."

ಗುಂಪಿನಲ್ಲಿ ಒಂದು ಗುಜುಗುಜು ಎದ್ದಿತು. ಚಿಕ್ಕಮಾದಮ್ಮನ ಅಜ್ಜಿ ಹೊಂಬಾಳಮ್ಮ ಎಲೆಯಡಿಕೆ ಉಗಿದು ಮುಂದೆ ಬಂದಳು. "ಏನಂದೆ ನನ್ನಪ್ಪಾ? ನನ್ ಮೊಮ್ಮಗ್ಳು ಕೂಸಾ? ಟಗರಿಗೆ ಔಸ್ದಿ ಉಯ್ಯೋವಾಗ ಅದ್ರ ಕೊಂಬ್ ಇಡ್ಕಳಾದು ಯಾರು ಅನ್ಕಂಡೀಯ? ನೀನು ಬಂದು ಇಡ್ಕತಿದ್ದಾ?"

"ಸುಮ್ನಿರಕ್ಕ," ಎಂದ ಜವರಯ್ಯ. ಅವನ ದನಿ ತಣ್ಣಗಿತ್ತು. "ಬುದ್ದೀ, ಕೊಂಡ ಯಾಪಾರ ಮುರ್ಯಾಕೂ ನಮ್ಮಲ್ಲಿ ಒಂದ್ ಪದ್ದತಿ ಅದೆ. ಮಾರ್ದೋರು ಕೊಂಡೋರ ಕೈ ಇಡೀತಾರೆ. ಕೊಂಡೋರು ಬುಡಿಸ್ಕಂಡ್ರೆ ಯಾಪಾರ ಇಲ್ಲ. ಬುಡಿಸ್ಕಳಾಕೆ ಆಗ್ನಿಲ್ಲ ಅಂದ್ರೆ 'ನನ್ ಮಾತು ತಪ್ಪು, ಬುಡು' ಅನ್ಬೇಕು, ಆಗ್ಲೂ ಯಾಪಾರ ಇಲ್ಲ. ಅನ್ನೋಗಂಟ ಬುಡಾಂಗಿಲ್ಲ. ಎಲ್ರ ಪರ್ವಾಗಿ ಇವ್ಳೊಬ್ಳೇ ಸಾಕು. ಅನ್ನೊಂದು ರಾತ್ಲು ತಾನೆ? ಬುಡಿಸ್ಕಂಡು ಓಗಿ."

"ಸಾಬ್, ಬೇಡ," ಎಂದ ನಜೀರ್, ಮುದ್ದೆ ನುಂಗಿಕೊಂಡು.

ಆದರೆ ಅಯ್ಯನವರು ತಮ್ಮ ಪುಸ್ತಕವನ್ನು ತಾವೇ ನಂಬಿಬಿಟ್ಟಿದ್ದರು. ಬರೆದದ್ದು ಹನ್ನೊಂದು, ಹನ್ನೊಂದಕ್ಕೆ ಹೆದರುವುದೆ? ತೋಳು ಮಡಿಸಿ, ಒಂದು ತಿರಸ್ಕಾರದ ನಗೆ ನಕ್ಕು, ಬಲಗೈಯನ್ನು ಸಭೆಯಲ್ಲಿ ಕುಲುಕಲು ಕೊಡುವಂತೆ ಚಾಚಿದರು. ಚಿಕ್ಕಮಾದಮ್ಮ ಅಂಗೈಯನ್ನು ಲಂಗಕ್ಕೆ ಒರೆಸಿಕೊಂಡು ಹಿಡಿದಳು. ಜವರಯ್ಯ ಕೆಂಪು ಟವಲು ಮುಚ್ಚಿದ.

ಮೊದಲ ಗಳಿಗೆಯಲ್ಲಿ ಅಯ್ಯನವರು ನಗುತ್ತಲೇ ಇದ್ದರು. ಎರಡನೆಯ ಗಳಿಗೆಯಲ್ಲಿ ನಗು ಮುಖದ ಮೇಲೆ ಹಾಗೆಯೇ ಉಳಿದು, ಒಳಗಿನ ಮನುಷ್ಯ ಮಾತ್ರ ಹೊರಟುಹೋದಂತೆ ಕಂಡಿತು. ಐದು ವರ್ಷದಿಂದ ಬೆಳಿಗ್ಗೆ ಸಂಜೆ ಹಾಲು ಕರೆದ ಬೆರಳು, ಬಾವಿಯ ಹಗ್ಗ ಸೇದಿದ ಬೆರಳು, ಒದೆಯುವ ಟಗರಿನ ಕೊಂಬು ಬಿಡದ ಬೆರಳು. ಅವಳೇನೂ ಹಲ್ಲು ಕಚ್ಚಲಿಲ್ಲ, ಮುಖ ಕಿವುಚಲಿಲ್ಲ. ಸುಮ್ಮನೆ ಹಿಡಿದು ನಿಂತಿದ್ದಳು. ಕಣ್ಣು ಅವಳ ಮರಿಯ ಕಡೆಗಿತ್ತು.

"ಹೂಂ, ಸಾಕು. ಬಿಡು," ಎಂದರು ಅಯ್ಯನವರು.

ಹುಡುಗಿ ಮುಖವೆತ್ತಿದಳು. ಮೂಗು ಒಂದಿಷ್ಟು ಏರಿಸಿ, ಗಂಟಲನ್ನು ಡಾಕ್ಟರರದೇ ಗಂಟಲಾಗಿಸಿ, ಬೆಳಿಗ್ಗೆ ನಲವತ್ತಮೂರು ಸಲ ಕೇಳಿದ್ದನ್ನು ಚಾಚೂ ತಪ್ಪದೆ ಒಪ್ಪಿಸಿದಳು:

"ಮಾತಾಡಬಾರದು. ನಗಬಾರದು. ಹಿ-ನ್ನೊಂದು ಸಲ!"

ಊರಿಗೆ ಊರೇ ಬಿದ್ದು ಬಿದ್ದು ನಕ್ಕಿತು. ಮೇಷ್ಟ್ರು ನಿಂಗಯ್ಯ ನಗು ತಡೆಯಲಾರದೆ ಮರದ ಹಿಂದೆ ಹೋದರು. ಅಯ್ಯನವರು ಎಳೆದರು. ತಿರುಚಿದರು. ಎಡಗೈಯನ್ನೂ ಹಾಕಿ ಕಾಲೂರಿ ಜಗ್ಗಿದರು. ಕುರ್ಚಿ ಬಿತ್ತು, ಬ್ರೆಡ್ಡಿನ ಡಬ್ಬಿಯನ್ನು ಮರಿಗಳು ಪಾಲು ಮಾಡಿಕೊಂಡವು. ಟವಲಿನ ಕೆಳಗೆ ಗೆಣ್ಣುಗಳು ಒಂದರ ಮೇಲೊಂದು ಏರಿದ ಸದ್ದು ಕೇಳಿಸಿತು. ಮೊದಲು ಇಂಗ್ಲಿಷಿನಲ್ಲಿ ಏನೋ ಅಂದರು; ಯಾರಿಗೂ ತಿಳಿಯಲಿಲ್ಲ. ಆಮೇಲೆ ಪುಸ್ತಕದ ಕನ್ನಡದಲ್ಲಿ "ಬಾಲಿಕೇ, ವಿಮುಕ್ತಗೊಳಿಸು" ಅಂದರು; ಅದೂ ತಿಳಿಯಲಿಲ್ಲ. ಕೊನೆಗೆ ಮೂವತ್ತು ವರ್ಷದಿಂದ ಗಂಟಲಲ್ಲಿ ಹೂತಿಟ್ಟಿದ್ದದ್ದು ತಾನಾಗಿ ಮೇಲೆ ಬಂತು:

"ಅಯ್ಯಯ್ಯಪ್ಪೋ! ಬುಟ್ಬುಡವ್ವೋ! ತಪ್ಪಾಯ್ತು ಕಣವ್ವ, ನನ್ ಮಾತೇ ತಪ್ಪು, ಕೈ ಓಯ್ತದೆ, ಬುಟ್ಬುಡೇ ನನ್ನವ್ವಾ!"

ಈ ಸಲ ಎಲ್ಲರಿಗೂ ತಿಳಿಯಿತು. ಹುಡುಗಿ ತಟ್ಟನೆ ಬಿಟ್ಟಳು.

"ಓಹೋ, ನಮ್ ಕಡೇರೇಯ!" ಎಂದಳು ಹೊಂಬಾಳಮ್ಮ. "ಮೊದ್ಲೇ ಅಂಗಂದಿದ್ರೆ ಆಗ್ತಿರ್ನಿಲ್ವ? ಯಾವೂರಪ್ಪ ನಿಂದು?"

ಅಯ್ಯನವರು ಮೇಷ್ಟ್ರು ತಂದಿಟ್ಟ ತಣ್ಣೀರಿನ ಗಡಿಗೆಯಲ್ಲಿ ಕೈ ಇಳಿಬಿಟ್ಟು ಮರಕ್ಕೆ ಒರಗಿ ಕೂತರು. ಮರಿಗಳು ತಮ್ಮ ತಮ್ಮ ಒಡೆಯರ ಹಿಂದೆ ಮನೆಗೆ ಹೊರಟವು. ವ್ಯಾಪಾರ ಮುರಿದಿತ್ತು. ಜವರಯ್ಯ ಟವಲು ಕೊಡವಿ ಹೆಗಲಿಗೆ ಹಾಕಿಕೊಂಡು ನಜೀರನಿಗೆ ಹೇಳಿದ:

"ದೂರದಿಂದ ಬಂದವ್ರೆ, ಬರೀ ಕೈಯಲ್ ಕಳ್ಸಬಾರ್ದು. ಆ ಕಬ್ಬಿಣದ ಕೈ ತಕಂಬಾ ಸಾಬಣ್ಣ. ಐಕ್ಳು ಈಗ ನೆಟ್ಟಗೆ ಒತ್ತವೆ. ಟವಲ್ ಬ್ಯಾಡ."

ಒಂದು ಗಂಟೆಯಲ್ಲಿ ನಲವತ್ತಮೂರೂ ಮುಗಿಯಿತು. ನಜೀರ್ ಯಂತ್ರವನ್ನು ಮೊದಲು ತೂಕದ ಕಲ್ಲು ನೇತುಹಾಕಿ ಪರೀಕ್ಷೆ ಮಾಡಿ, ಬೆಳಗಿನ ಅಂಕಿಗಳ ಪಕ್ಕದಲ್ಲೇ ತನ್ನ ದುಂಡು ಅಕ್ಷರದಲ್ಲಿ ಹೊಸ ಅಂಕಿ ಬರೆದ. ಸಿಂಬಳದವನಿಗೆ ಇಪ್ಪತ್ತೆರಡು. ಚಿಕ್ಕಮಾದಮ್ಮನಿಗೆ ಅರವತ್ತೆರಡು. ಕುಂಟು ಮರಿಯ ಕೆಂಪಯ್ಯನಿಗೆ ನೂರ ನಾಲ್ಕು. ವಯಸ್ಸು ಏರಿದಂತೆ ಅಂಕಿಯೂ ಮೆಟ್ಟಿಲು ಹತ್ತಿದ ಹಾಗೆ ಏರಿತ್ತು. ಮಂಡ್ಯದ ಗುಮಾಸ್ತರ ಮಕ್ಕಳು ಬಹಳ ಕೆಳಗಿನ ಮೆಟ್ಟಿಲಲ್ಲಿ ನಿಂತು ಮೇಲೆ ನೋಡುತ್ತಿದ್ದರು.

ಸಂಜೆ ನಾಲ್ಕು ಗಂಟೆಗೆ ಮಳವಳ್ಳಿಯ ಬಸ್ ನಿಲ್ದಾಣ. ಅಯ್ಯನವರ ಬಲಗೈ ಎಡಗೈಯ ಎರಡರಷ್ಟಾಗಿತ್ತು. ತೊಡೆಯ ಮೇಲೆ ಪುಸ್ತಕ, ಅದರಲ್ಲಿ ಎರಡು ಸಾಲು ಅಂಕಿ: ಬೆಳಗಿನದು ಅವರ ಕೈಬರಹ, ಮಧ್ಯಾಹ್ನದ್ದು ನಜೀರನದು. ಹಾಗೆಯೇ ನೋಡುತ್ತ ಕೂತವರ ಮುಖ ಒಮ್ಮೆಲೇ ಬೆಳಗಿತು. ಉಪಾಯ ಹೊಳೆದಿತ್ತು. ಮಧ್ಯಾಹ್ನದ ಸಾಲಿಗೆ ಒಂದು ಗೆರೆ ಎಳೆದರೆ ಆಯಿತು! ಬೆಳಗಿನದು ಉಳಿಯುತ್ತದೆ. ಹದಿಮೂರು ವರ್ಷದ ಹುಡುಗಿಗೆ ಅರವತ್ತೆರಡು ರಾತ್ಲು ಎಂದರೆ ಅದು ಆರೋಗ್ಯವೆ? ಅದೊಂದು ರೋಗ. ಆರೋಗ್ಯವಂತ ಮಕ್ಕಳ ಪ್ರಬಂಧದಲ್ಲಿ ರೋಗಕ್ಕೆ ಜಾಗವಿಲ್ಲ. ಕೊನೆಯ ಪುಟ ಬದುಕಿತು!

ಅವರು ಪೆನ್ನು ಹಿಡಿದರು. ಬೆರಳು ಮಡಿಸಲಿಲ್ಲ. ಪೆನ್ನು ಪುಸ್ತಕದ ಮೇಲೆ ಉರುಳಿ, ಮೊಣಕಾಲಿನ ಮೇಲೆ ಉರುಳಿ, ಮಣ್ಣಿಗೆ ಬಿತ್ತು. ನಜೀರ್ ಎತ್ತಿಕೊಟ್ಟ. ಮತ್ತೆ ಬಿತ್ತು. ಎಡಗೈಯಲ್ಲಿ ಎಳೆದ ಗೆರೆ ಬೆಳಗಿನ ಸಾಲಿನ ಮೇಲೇ ಹಾದು ಹಾವಿನಂತೆ ಆಚೆಗೆ ಹೋಯಿತು.

"ನಜೀರ್, ಈ ಮಧ್ಯಾಹ್ನದ್ದನ್ನು ಹೊಡೆದುಹಾಕು."

"ಬೆಳಿಗ್ಗೆದು ನಿಮ್ಮ ಕೈ ಸಾಬ್. ಇದು ನನ್ನ ಕೈ," ಎಂದ ನಜೀರ್. "ಕಲ್ಲು ಕಟ್ಟಿ, ನೋಡಿ, ಬರೆದಿದ್ದೀನಿ. ತಕ್ಕಡಿ ಮನೆಯವನು ನಾನು. ನಂದನ್ನ ನಾನೇ ಹೊಡೆದ್ರೆ ಅಪ್ಪ ಮನೆಗೆ ಸೇರಿಸೊಲ್ಲ."

"ಹಾಗಾದರೆ ಯಂತ್ರ ಕೆಟ್ಟಿದೆ! ಆ ಹುಡುಗಿಗೆ ಅರವತ್ತೆರಡು ಬರುವುದುಂಟೆ? ಸ್ಪ್ರಿಂಗು ಸಡಿಲವಾಗಿದೆ."

"ನೋಡೇಬಿಡೋಣ," ಎಂದು ನಜೀರ್ ಪೆಟ್ಟಿಗೆಯಿಂದ ಯಂತ್ರ ತೆಗೆದು ಅವರ ಊದಿದ ಬಲ ಅಂಗೈಯಲ್ಲಿಟ್ಟ. "ಸ್ಪ್ರಿಂಗು ಸಡಿಲವಾಗಿದ್ರೆ ನಿಮಗೆ ಇನ್ನೂರು ಬರಬೇಕು. ಒತ್ತಿ ಸಾಬ್."

ಅಯ್ಯನವರು ಉಸಿರು ಬಿಗಿಹಿಡಿದು, ಕಣ್ಣು ಮುಚ್ಚಿ, ಯಥಾಶಕ್ತಿ ಪೀಡಿಸಿದರು. ಕಡಲೆಕಾಯಿ ಮಾರುವವಳೂ ಜಟಕಾದವನೂ ಬಗ್ಗಿ ನೋಡಿದರು. ಮುಳ್ಳು ಅಲ್ಲಾಡಿತು, ಯೋಚನೆ ಮಾಡಿತು, ಒಂಬತ್ತಕ್ಕೆ ಬಂದು ನಿಂತಿತು.

"ಇನ್ನೊಂದು ಸಲ," ಎಂದ ನಜೀರ್.

ಒಂಬತ್ತು.

ಮತ್ತೊಂದು ಸಲ. ಒಂಬತ್ತು.

ನಜೀರ್ ಅವರ ಕೈಯನ್ನು ಮೆಲ್ಲಗೆ ತಟ್ಟಿ, "ಆಯಿತು" ಎಂದ. ಪುಸ್ತಕ ತೆಗೆದು, ಚಿಕ್ಕಮಾದಮ್ಮನ ಸಾಲಿಗಿಂತ ಕೆಳಗೆ, ಕೆಂಪಯ್ಯನಿಗಿಂತ ಕೆಳಗೆ, ಎಲ್ಲರಿಗಿಂತ ಕೆಳಗೆ, ನಲವತ್ತನಾಲ್ಕನೆಯ ಸಾಲಿನಲ್ಲಿ ಪೆನ್ನು ಊರಿ ತಲೆಯೆತ್ತಿದ. ಮದ್ದೂರಿನ ಬಸ್ಸು ಧೂಳೆಬ್ಬಿಸಿಕೊಂಡು ಬಂದು ನಿಂತು ಹಾರನ್ ಬಾರಿಸುತ್ತಿತ್ತು.

"ಹೆಸರು ಸಂಬಳದ ಪಟ್ಟೀಲಿರೋ ಹಾಗೆ ಪೂರ್ತಿ ಕೆಂಪಸಿದ್ದಯ್ಯ ಅಂತ ಬರೀತೀನಿ ಸಾಬ್. ವಯಸ್ಸು ಮೂವತ್ತೆಂಟು. ಬಲ ಒಂಬತ್ತು." ಆಮೇಲೆ ಮುಂದಿನ ಖಾನೆಯ ಮೇಲೆ ನಿಬ್ಬು ನಿಲ್ಲಿಸಿ ಕೇಳಿದ: "ಆರೋಗ್ಯವಂತರು ಅಂತ ಹಾಕ್ಲಾ?"